ಬೆಕ್ಕು ಅಡ್ಡ ಬಂದರೆ ಓಮೆನ್, ಎದೆ ಧಸಕ್ಕೆಂದರೆ?

ಕತೆಯೊಂದನ್ನು ಇಂಗ್ಲಿಷಿಗೆ ತರುತ್ತಿದ್ದೆ. ಮೊಮ್ಮಗ ಊರು ಬಿಟ್ಟು ಹೊರಡುವ ಬೆಳಗು. ಒಂದೇ ಪುಟದಲ್ಲಿ ಬೆಕ್ಕು ಅಡ್ಡ ಬರುತ್ತದೆ, ಯಾರೋ ಒಂಟಿ ಸೀನು ಸೀನುತ್ತಾರೆ, ಹಿಂದಿನ ರಾತ್ರಿ ನಾಯಿ ಊಳಿಟ್ಟ ಮಾತು ಬರುತ್ತದೆ, ಅಜ್ಜಿಯ ಬಲಗಣ್ಣು ಅದುರುತ್ತದೆ, ಕೊನೆಗೆ ಆಕೆ "ಯಾಕೋ ನಂಗೆ ಸರಿ ಕಾಣ್ತಿಲ್ಲ ಕಣೋ" ಅನ್ನುತ್ತಾಳೆ. ಕರಡು ಮುಗಿಸಿ ಕಳಿಸಿದೆ. ವಾಪಸು ಬಂದಾಗ ಆ ಪುಟದಲ್ಲಿ ಐದು ಕಡೆ ಕೆಂಪು ಸುತ್ತು. ಶಕುನ, ಅಪಶಕುನ ಅನ್ನಲು ನಾನು ಹಾಕಿದ್ದ ಪದಗಳಿಗೆ: ಓಮೆನ್, ಬ್ಯಾಡ್ ಓಮೆನ್, ಆಮಿನಸ್, ಮತ್ತೆ ಓಮೆನ್, ಮತ್ತೆ ಆಮಿನಸ್. ಅಂಚಿನಲ್ಲಿ ಪೆನ್ಸಿಲಿನಲ್ಲಿ ಒಂದೇ ಸಾಲು: "ಇವೆಲ್ಲ ಒಂದೇನಾ?"

ಒಂದೇ ಅಲ್ಲ ಅಂತ ಗೊತ್ತಿತ್ತು. ಯಾವುದು ಎಲ್ಲಿಗೆ ಅಂತ ಗೊತ್ತಿರಲಿಲ್ಲ. ಸಮಾನಾರ್ಥಕ ಕೋಶ ತೆಗೆದರೆ ಓಮೆನ್, ಪೋರ್ಟೆಂಟ್, ಆಗ್ಯುರಿ, ಪ್ರೆಸಿಜ್, ಹಾರ್ಬಿಂಜರ್, ಫೋರ್‌ಬೋಡಿಂಗ್, ಪ್ರೆಮನಿಷನ್, ಪ್ರಿಸೆಂಟಿಮೆಂಟ್ ಎಲ್ಲ ಒಂದೇ ಗುಡ್ಡೆಯಲ್ಲಿ ಬಿದ್ದಿರುತ್ತವೆ, ಸಂತೆಯ ಬದನೆಕಾಯಿ ಹಾಗೆ. ಎಣ್ಣೆಗಾಯಿಗೆ ಯಾವುದು, ಸುಟ್ಟು ಗೊಜ್ಜು ಮಾಡಲಿಕ್ಕೆ ಯಾವುದು ಅಂತ ಕೋಶ ಹೇಳುವುದಿಲ್ಲ. ಅವತ್ತಿನಿಂದ ನಾನೇ ಕಟ್ಟಿಕೊಂಡು ಬಂದ ಲೆಕ್ಕ ಇಲ್ಲಿದೆ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರಿಗೆ ಕೆಲಸಕ್ಕೆ ಬರಬಹುದು.

ಬೀದಿಯಲ್ಲೋ, ಎದೆಯಲ್ಲೋ?

ಪದ ಆರಿಸುವ ಮುಂಚೆ ಸಾಮಾನ್ಯವಾಗಿ ನಾವು ಕೇಳಿಕೊಳ್ಳುವುದು "ಎಷ್ಟು ಕೆಟ್ಟದು?" ಅಂತ. ಕೇಳಬೇಕಾದ್ದು "ಎಲ್ಲಿದೆ?" ಅಂತ. ಬೆಕ್ಕು ಬೀದಿಯಲ್ಲಿದೆ, ಅಜ್ಜಿಗೂ ಕಾಣುತ್ತದೆ, ಎದುರುಮನೆಯವರಿಗೂ ಕಾಣುತ್ತದೆ. ಓಮೆನ್, ಪೋರ್ಟೆಂಟ್, ಹಾರ್ಬಿಂಜರ್ ಬೀದಿಯ ಪದಗಳು. "ಯಾಕೋ ಸರಿ ಕಾಣ್ತಿಲ್ಲ" ಅನ್ನುವುದು ಅಜ್ಜಿಯ ಎದೆಯಲ್ಲಿದೆ. ಬೇರೆ ಯಾರೂ ಅದನ್ನು ನೋಡಲಾರರು. ಫೋರ್‌ಬೋಡಿಂಗ್, ಪ್ರೆಮನಿಷನ್, ಪ್ರಿಸೆಂಟಿಮೆಂಟ್ ಎದೆಯ ಪದಗಳು. ಹಾಗಾಗಿ ಅಜ್ಜಿಗೆ ಫೋರ್‌ಬೋಡಿಂಗ್ ಆಗಬಹುದು, ಓಮೆನ್ ಆಗುವುದಿಲ್ಲ; ಬೆಕ್ಕು ಓಮೆನ್ ಆಗಬಹುದು, ಪ್ರೆಮನಿಷನ್ ಆಗುವುದಿಲ್ಲ. ನನ್ನ ಐದು ತಪ್ಪಿನಲ್ಲಿ ಒಂದು ಇಷ್ಟಕ್ಕೇ ಸರಿಹೋಯಿತು.

ಅದುರುವ ಕಣ್ಣು ಮಾತ್ರ ಸ್ವಲ್ಪ ಕಾಡಿತು. ಮೈಯಲ್ಲೇ ಆಗುವಂಥದ್ದಲ್ಲವೇ? ಆದರೆ ಅಜ್ಜಿ ಆ ಅದುರಿಕೆಯನ್ನು ಹೊರಗೆ ನಿಂತು ಓದುತ್ತಿದ್ದಾಳೆ, ಬೆಕ್ಕನ್ನು ಓದಿದ ಹಾಗೆಯೇ. ಅದೂ ಓಮೆನ್.

ಅಂಜೂರ ಮಾರುವವನ ಕೂಗು

ಓಮೆನ್ ಲ್ಯಾಟಿನ್ ಪದ, ಇದ್ದ ಹಾಗೆಯೇ ಇಂಗ್ಲಿಷಿಗೆ ಬಂದದ್ದು. ರೋಮನ್ನರಿಗೆ ಓಮೆನ್ ಅಂದರೆ ಮುಖ್ಯವಾಗಿ ಕಿವಿಗೆ ಬಿದ್ದ ಮಾತು. ಯಾರೋ ತಮ್ಮ ಪಾಡಿಗೆ ತಾವು ಆಡಿದ ಮಾತು ಇನ್ನೊಬ್ಬರ ಹೊರಡುವಿಕೆಗೆ, ಮದುವೆಗೆ, ಯುದ್ಧಕ್ಕೆ ತಗುಲಿಕೊಳ್ಳುವುದು. ರೋಮಿನ ವಾಗ್ಮಿ ಸಿಸೆರೊ ಹೇಳುವ ಪ್ರಸಂಗ ಒಂದಿದೆ. ಸೇನಾಪತಿ ಕ್ರಾಸಸ್ ಬ್ರಂಡಿಸಿಯಂ ಬಂದರಿನಲ್ಲಿ ಸೈನ್ಯವನ್ನು ಹಡಗು ಹತ್ತಿಸುತ್ತಿದ್ದಾನೆ. ಅದೇ ಹೊತ್ತಿಗೆ ಬಂದರಿನಲ್ಲಿ ಒಬ್ಬ ಕೌನಸ್ ಊರಿನ ಅಂಜೂರ ಮಾರುತ್ತ "ಕೌನೆಯಾಸ್!" ಎಂದು ಕೂಗುತ್ತಾನೆ. ಅವಸರದ ಕಿವಿಗೆ ಅದು "ಕಾವೆ ನೆ ಎಯಾಸ್" ಅಂತಲೂ ಕೇಳಿಸಬಹುದು: ಹುಷಾರು, ಹೋಗಬೇಡ. ಕ್ರಾಸಸ್ ಹೋದ. ಕ್ರಿ.ಪೂ. 53ರಲ್ಲಿ ಕಾರ್ಹೆಯಲ್ಲಿ ಪಾರ್ಥಿಯನ್ನರಿಗೆ ಸೋತು ಸತ್ತ. ಇದನ್ನು ಹೇಳಿ ಸಿಸೆರೊ ಮೂಗು ಮುರಿಯುತ್ತಾನೆ: ಇಂಥದ್ದನ್ನೆಲ್ಲ ನಂಬುತ್ತ ಹೋದರೆ ಕಾಲು ಎಡವಿದ್ದು, ಪಾದರಕ್ಷೆಯ ಬಾರು ಹರಿದದ್ದು, ಸೀನಿದ್ದು ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಕಾದೀತು. ತಮಾಷೆಯೆಂದರೆ ಆತ ಸ್ವತಃ ಸರ್ಕಾರಿ ಶಕುನದವನಾಗಿ, ಅಂದರೆ ಆಗರ್ ಆಗಿ ನೇಮಕವಾಗಿದ್ದವನು.

ಎರಡು ಸಾವಿರ ವರ್ಷದ ಹಿಂದಿನ ಆ ಪಟ್ಟಿಯಲ್ಲಿ ಸೀನು ಕಂಡಾಗ ನನಗೆ ನಗು ಬಂತು. ನಮ್ಮ ಒಂಟಿ ಸೀನಿಗೆ ಓಮೆನ್ ಎನ್ನುವುದು ಹೊಂದುವುದು ಇದಕ್ಕೇ: ಸಣ್ಣದು, ಆಕಸ್ಮಿಕವಾದದ್ದು, ಒಬ್ಬರ ಕೆಲಸಕ್ಕೆ ಅಂಟಿಕೊಂಡದ್ದು. ಹೊರಟವರನ್ನು "ಎಲ್ಲಿಗೆ?" ಅಂತ ಕೇಳಬಾರದು, ಹೊರಡುವವರು "ಹೋಗ್ತೀನಿ" ಅನ್ನದೆ "ಹೋಗ್ಬರ್ತೀನಿ" ಅನ್ನಬೇಕು ಎಂಬ ನಮ್ಮ ಮನೆಗಳ ಎಚ್ಚರಿಕೆ ಆ ಬಂದರಿನ ಎಚ್ಚರಿಕೆಯೇ.

ಒಂದು ಸೂಕ್ಷ್ಮ: ಓಮೆನ್ ಒಳ್ಳೆಯದೂ ಆಗಬಹುದು, ನಮ್ಮ ಶಕುನದ ಹಾಗೆ. ಅದಕ್ಕೇ ಕೆಟ್ಟದ್ದಕ್ಕೆ ಬ್ಯಾಡ್ ಓಮೆನ್ ಅನ್ನುತ್ತಾರೆ. ಆದರೆ ಅದರಿಂದಲೇ ಹುಟ್ಟಿದ ಆಮಿನಸ್ ಬರೀ ಕೆಟ್ಟದ್ದಕ್ಕೆ. "ಗುಡ್ ಆಮಿನಸ್" ಅಂತ ಒಂದಿಲ್ಲ. ಉಚ್ಚಾರವೂ ಬೇರೆಯಾಗಿದೆ, ಓಮೆನ್‌ನ ಓ ಆಮಿನಸ್‌ಗೆ ಬರುವಾಗ ಆ ಆಗುತ್ತದೆ. ನಮ್ಮಲ್ಲಿ ಬಹಳ ಜನ ಓಮಿನಸ್ ಅನ್ನುತ್ತೇವೆ.

ಉತ್ಪಾತ ಬೇರೆಯೇ

ಈಗ ಪೋರ್ಟೆಂಟ್. ಇದಕ್ಕೆ ಕನ್ನಡದಲ್ಲಿ ಅಳೆದು ಹೊಲಿಸಿದಂಥ ಪದವಿದೆ: ಉತ್ಪಾತ. ವರಾಹಮಿಹಿರನ ಬೃಹತ್ಸಂಹಿತೆ ಉತ್ಪಾತಗಳನ್ನು ದಿವ್ಯ, ಆಂತರಿಕ್ಷ, ಭೌಮ ಎಂದು ಮೂರಾಗಿ ವಿಂಗಡಿಸುತ್ತದೆ. ಗ್ರಹನಕ್ಷತ್ರಗಳಲ್ಲಿ ಕಾಣುವುದು, ಆಕಾಶದಲ್ಲಿ ಆಗುವುದು, ನೆಲದ ಮೇಲೆ ನಡೆಯುವುದು. ಬೆಕ್ಕು ಇದರಲ್ಲಿಲ್ಲ. ಪೋರ್ಟೆಂಟ್ ಕೂಡ ಹಾಗೆಯೇ ದೊಡ್ಡದನ್ನು ಕೇಳುತ್ತದೆ. ದೇಶಕ್ಕೆ, ರಾಜನಿಗೆ, ಕಾಲಕ್ಕೆ ಸಂಬಂಧಿಸಿದ್ದನ್ನು.

1066ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ಧೂಮಕೇತುವೊಂದು ಕಾಣಿಸಿತು. ಇವತ್ತು ನಾವು ಹ್ಯಾಲಿ ಎಂದು ಕರೆಯುವುದೇ ಅದು. ಹೆರಾಲ್ಡ್ ಆ ಜನವರಿಯಲ್ಲಷ್ಟೇ ಪಟ್ಟಕ್ಕೆ ಬಂದಿದ್ದ. ಅಕ್ಟೋಬರ್ 14ರಂದು ಹೇಸ್ಟಿಂಗ್ಸ್ ಯುದ್ಧದಲ್ಲಿ ಸತ್ತ. ಆ ಕತೆಯನ್ನು ಕಸೂತಿಯಲ್ಲಿ ಹೇಳುವ ಬಾಯೂ ಪಟದಲ್ಲಿ ಜನ ಗುಂಪುಗೂಡಿ ಆ ನಕ್ಷತ್ರದತ್ತ ಬೆರಳು ತೋರಿಸುತ್ತಿದ್ದಾರೆ, ಪಕ್ಕದಲ್ಲಿ ಹೆರಾಲ್ಡ್ ಸಿಂಹಾಸನದಲ್ಲಿ ವಾಲಿ ಕೂತಿದ್ದಾನೆ. ಅದು ಪೋರ್ಟೆಂಟ್. ಆದರೆ ಯಾರಿಗೆ? ಗೆದ್ದು ರಾಜನಾದ ವಿಲಿಯಂಗೂ ಅದೇ ಧೂಮಕೇತು. ಪೋರ್ಟೆಂಟ್ ಬಳಸುವಾಗ ಈ ಪ್ರಶ್ನೆ ಸದಾ ತೆರೆದೇ ಇರುತ್ತದೆ, ಏನೋ ಭಾರಿಯಾದದ್ದು ಬರುತ್ತಿದೆ ಎನ್ನುವುದಷ್ಟೇ ಖಾತ್ರಿ.

ಹೀಗಾಗಿ ಬೆಕ್ಕಿಗೆ ಪೋರ್ಟೆಂಟ್ ಹಾಕಿದರೆ ಹಾಸ್ಯವಾಗುತ್ತದೆ. ಹಾಸ್ಯವೇ ಬೇಕಾದರೆ ಹಾಕಿ. ಮಾತು ಬಂದಿದ್ದಕ್ಕೆ ಹೇಳುತ್ತೇನೆ, ಎರಡೂ ಭಾಷೆಯಲ್ಲಿ ಈ ಪದ ತನ್ನ ಗಾಂಭೀರ್ಯದಿಂದ ಜಾರಿದೆ. ನಮ್ಮ ಅಮ್ಮಂದಿರು ಕಿಡಿಗೇಡಿ ಮಕ್ಕಳಿಗೆ "ಏನ್ ಉತ್ಪಾತ ಮಾಡಿಟ್ಟಿದೀಯೋ" ಅನ್ನುತ್ತಾರೆ. ಇಂಗ್ಲಿಷಿನ ಪೋರ್ಟೆಂಟಸ್ ಇನ್ನೊಂದು ದಿಕ್ಕಿಗೆ ಜಾರಿತು: ಇವತ್ತಿನ ಬರಹದಲ್ಲಿ ಅದು ಹೆಚ್ಚಾಗಿ ಅತಿಗಾಂಭೀರ್ಯದ, ಬಿಗುಮಾನದ ಮಾತಿನ ಶೈಲಿಗೆ. ವಿಮರ್ಶಕರೊಬ್ಬರು ನಿಮ್ಮ ಗದ್ಯವನ್ನು ಪೋರ್ಟೆಂಟಸ್ ಎಂದರೆ ಭವಿಷ್ಯ ನುಡಿಯುತ್ತಿದೆ ಎಂದು ಹಿಗ್ಗಬೇಡಿ. ಹಾಗಾಗಿ ಕರಾಳ ಮೋಡಕ್ಕೆ, ಮೌನಕ್ಕೆ, ಬಾಗಿಲ ಕಿರುಗುಟ್ಟಿಗೆ ಆಮಿನಸ್ ಸಾಕು, ಪೋರ್ಟೆಂಟಸ್ ಬಿಟ್ಟುಬಿಡಿ.

ಹಕ್ಕಿಗಳ ಕಡೆಗೆ ಸ್ವಲ್ಪ

ಇಂಗ್ಲಿಷಿನ ಆಸ್ಪಿಷಸ್ ಎಂಬ ಪದದೊಳಗೆ ಹಕ್ಕಿಯಿದೆ. ಲ್ಯಾಟಿನ್ನಿನಲ್ಲಿ ಆವಿಸ್ ಅಂದರೆ ಹಕ್ಕಿ, ಸ್ಪೆಕೆರೆ ಅಂದರೆ ನೋಡುವುದು; ಹಕ್ಕಿ ನೋಡಿ ಫಲ ಹೇಳುವವನು ಆಸ್ಪೆಕ್ಸ್. ನಮ್ಮ ಶಕುನದೊಳಗೂ ಹಕ್ಕಿಯೇ ಇದೆ, ಸಂಸ್ಕೃತದಲ್ಲಿ ಶಕುನ ಅಂದರೆ ಮೊದಲು ಪಕ್ಷಿ. ಕಾಡಿನ ಶಕುಂತಗಳು ಕಾಪಾಡಿದ ಮಗು ಶಕುಂತಲೆ. ಪ್ರಾಚೀನ ಗ್ರೀಕರ ಓಯಿಯೊನೋಸ್ ಎನ್ನುವ ಪದಕ್ಕೂ ದೊಡ್ಡ ಹಕ್ಕಿ, ಶಕುನ ಎರಡೂ ಅರ್ಥ. ಮೂರು ಕಡೆಯ ಜನ ತಲೆಯೆತ್ತಿ ಒಂದೇ ಕಡೆ ನೋಡಿದ್ದಾರೆ.

ರೋಮಿನಲ್ಲಿ ಇದು ಸರ್ಕಾರಿ ಕೆಲಸ. ಆಗರ್ ಎಂಬ ಅಧಿಕಾರಿ ಆಕಾಶದಲ್ಲಿ ಒಂದು ಚೌಕ ಗುರುತಿಸಿ ಹಕ್ಕಿ ಯಾವ ಕಡೆಯಿಂದ ಬಂತು ಅಂತ ನೋಡುತ್ತಿದ್ದ. ಆಗ್ಯುರಿ ಅಂದರೆ ಅದು: ಬರೀ ಸೂಚನೆಯಲ್ಲ, ಸೂಚನೆ ಓದುವ ವಿದ್ಯೆ. ನಮ್ಮ ಬುಡಬುಡಿಕೆಯವನು ಬೆಳಗಿನ ಜಾವ ಬಂದು "ಹಾಲಕ್ಕಿ ನುಡೀತೈತೆ, ಹಾಲಕ್ಕಿ ನುಡೀತೈತೆ" ಅನ್ನುತ್ತಾನಲ್ಲ, ಅವನ ಕಸುಬಿಗೆ ಇಂಗ್ಲಿಷಿನಲ್ಲಿ ಆಗ್ಯುರಿಗಿಂತ ಹತ್ತಿರದ ಪದ ನನಗೆ ಸಿಕ್ಕಿಲ್ಲ. ಫಾರ್ಚೂನ್ ಟೆಲ್ಲಿಂಗ್ ಅಂದರೆ ಹಕ್ಕಿ ಹಾರಿಹೋಗುತ್ತದೆ. ದಿನಬಳಕೆಯಲ್ಲಿ ಈಗ ಉಳಿದಿರುವುದು ಹೆಚ್ಚಾಗಿ "ಆಗರ್ಸ್ ವೆಲ್" ಎಂಬ ವ್ಯಾಪಾರ ಪುಟದ ಸವಕಲು ಮಾತು. ಮಳೆ ಚೆನ್ನಾಗಿ ಆದರೆ ಆರ್ಥಿಕತೆಗೆ ಅದು ಆಗರ್ಸ್ ವೆಲ್.

ರೋಮನ್ನರು ಹಡಗಿನಲ್ಲಿ ಪವಿತ್ರ ಕೋಳಿಗಳನ್ನೂ ಒಯ್ಯುತ್ತಿದ್ದರು. ಕಾಳು ಗಬಗಬನೆ ತಿಂದರೆ ಯುದ್ಧಕ್ಕೆ ಒಪ್ಪಿಗೆ. ಕ್ರಿ.ಪೂ. 249ರಲ್ಲಿ ಡ್ರೆಪಾನಾ ಬಳಿ ಕ್ಲಾಡಿಯಸ್ ಪುಲ್ಕರ್ ಎಂಬ ಸೇನಾಪತಿಯ ಕೋಳಿಗಳು ಕೊಕ್ಕು ತೆರೆಯಲಿಲ್ಲ. "ತಿನ್ನದಿದ್ದರೆ ಕುಡಿಯಲಿ" ಎಂದು ಅವನ್ನು ಸಮುದ್ರಕ್ಕೆ ಎಸೆದನಂತೆ. ಆ ಯುದ್ಧದಲ್ಲಿ ರೋಮಿನ ಬಹುಪಾಲು ಹಡಗು ಹೋದವು.

ಆಸ್ಪಿಷಸ್ ಬಗ್ಗೆ ನನ್ನದೊಂದು ಜಗಳವಿದೆ. ನಮ್ಮ ಲಗ್ನಪತ್ರಿಕೆಯ "ಆಸ್ಪಿಷಸ್ ಅಕೇಷನ್" ನೋಡಿ ನಗುವವರಿದ್ದಾರೆ. ಇಂಗ್ಲೆಂಡಿನಲ್ಲಿ ಆಸ್ಪಿಷಸ್ ಅಂದರೆ ಸುಮ್ಮನೆ ಭರವಸೆ ಹುಟ್ಟಿಸುವ ಆರಂಭ, ಮುಹೂರ್ತವಲ್ಲ ಅನ್ನುತ್ತಾರೆ. ಆದರೆ ಕೋಳಿ ತಿಂದಿತೋ ಇಲ್ಲವೋ ನೋಡಿ ಕೆಲಸಕ್ಕೆ ಕೈ ಹಾಕುತ್ತಿದ್ದ ರೋಮನ್ನರಿಗೆ ಲಗ್ನಪತ್ರಿಕೆಯ ಅರ್ಥವೇ ಹತ್ತಿರ. ನಾವು ಆ ಪದವನ್ನು ಹಳೆಯ ಮನೆಗೇ ವಾಪಸು ಕರೆದುಕೊಂಡು ಹೋಗಿದ್ದೇವೆ. ಬಳಸಿ, ನಾಚಿಕೆ ಬೇಡ.

ರಾಹುಕಾಲಕ್ಕೆ ಇದರ ವಿರುದ್ಧಪದ ಇನ್‌ಆಸ್ಪಿಷಸ್. ಅಲ್ಲಿ ಆಮಿನಸ್ ತಪ್ಪು. ರಾಹುಕಾಲ ಯಾರನ್ನೂ ಹೆದರಿಸುವುದಿಲ್ಲ. ಕ್ಯಾಲೆಂಡರಿನಲ್ಲಿ ಅಚ್ಚಾಗಿರುತ್ತದೆ, ಒಂದೂವರೆ ಗಂಟೆ ಕಳೆದ ಮೇಲೆ ಹೊರಟರಾಯಿತು. ಆಮಿನಸ್‌ನಲ್ಲಿ ಬೆದರಿಕೆ ಇದೆ, ಇನ್‌ಆಸ್ಪಿಷಸ್‌ನಲ್ಲಿ ವೇಳಾಪಟ್ಟಿ ಇದೆ.

ಎಡಗಡೆಯ ಗೊಂದಲ

ಸಿನಿಸ್ಟರ್ ಅಂದರೆ ಲ್ಯಾಟಿನ್ನಿನಲ್ಲಿ ಎಡ. ಎಡ ಅಪಶಕುನ, ಹಾಗಾಗಿ ಸಿನಿಸ್ಟರ್ ಅಂದರೆ ಕೇಡಿನದು ಎಂದು ಎಲ್ಲರೂ ಬೇಗ ಮುಗಿಸಿಬಿಡುತ್ತಾರೆ. ಅಷ್ಟು ನೇರವಿಲ್ಲ. ರೋಮಿನ ಆಗರ್ ದಕ್ಷಿಣಕ್ಕೆ ಮುಖ ಮಾಡಿ ನಿಂತಾಗ ಪೂರ್ವ ಅವನ ಎಡಕ್ಕೆ ಬರುತ್ತಿತ್ತು, ಆದ್ದರಿಂದ ಎಡ ಶುಭ. ಗ್ರೀಕರು ಉತ್ತರಕ್ಕೆ ನಿಲ್ಲುತ್ತಿದ್ದರು, ಅವರಿಗೆ ಬಲ ಶುಭ. ಗ್ರೀಕರ ಪ್ರಭಾವ ಹೆಚ್ಚಿದಂತೆ ಎಡಕ್ಕೆ ಕೆಟ್ಟ ಹೆಸರು ಅಂಟಿಕೊಂಡಿತು. ನಮ್ಮಲ್ಲೂ ಎಡವೆಂದರೆ ಕೆಟ್ಟದ್ದು ಅಂತ ಸಾರಾಸಗಟಾಗಿ ಹೇಳುವಂತಿಲ್ಲ. ಗಂಡಸಿಗೆ ಬಲಗಣ್ಣು ಅದುರಿದರೆ ಒಳ್ಳೆಯದು, ಹೆಂಗಸಿಗೆ ಎಡಗಣ್ಣು. ನಮ್ಮ ಕತೆಯ ಅಜ್ಜಿಗೆ ಅದುರಿದ್ದು ಬಲಗಣ್ಣು. ಇಂಗ್ಲಿಷ್ ಓದುಗನಿಗೆ ಇದು ತಿಳಿಯದು. ಹಾಗಾಗಿ "ಬಲಗಣ್ಣು, ಹೆಂಗಸರಿಗೆ ಆಗಿಬರದ ಕಣ್ಣು" ಎಂದು ನಾಲ್ಕು ಪದ ಸೇರಿಸಿ ಓಮೆನ್ ಎಂಬುದನ್ನೇ ಅಲ್ಲಿಂದ ತೆಗೆದುಹಾಕಿದೆ.

ಇವತ್ತಿನ ಬಳಕೆಯಲ್ಲಿ ಸಿನಿಸ್ಟರ್‌ಗೂ ಆಮಿನಸ್‌ಗೂ ಇರುವ ಅಂತರ ಸುಲಭ: ಸಿನಿಸ್ಟರ್‌ನಲ್ಲಿ ಕೆಟ್ಟ ಉದ್ದೇಶದ ವಾಸನೆ ಇರುತ್ತದೆ. ಮೋಡ ಆಮಿನಸ್, ಮೋಡಕ್ಕೆ ನಿಮ್ಮ ಮೇಲೆ ದ್ವೇಷವಿಲ್ಲ. ನಗುತ್ತ ಬಾಗಿಲಲ್ಲಿ ನಿಂತ ಅಪರಿಚಿತ ಸಿನಿಸ್ಟರ್.

ಬಿಡದಿ ನೋಡಲು ಬಂದವನು

ಹಾರ್ಬಿಂಜರ್ ನನಗೆ ತುಂಬ ಇಷ್ಟವಾದ ಪದ, ಅದಕ್ಕೆ ಕಾರಣ ಅದರ ಹುಟ್ಟು. ಸೈನ್ಯವೋ ರಾಜಪರಿವಾರವೋ ಹೊರಟಾಗ ಮುಂದಾಗಿ ಹೋಗಿ ತಂಗಲು ಜಾಗ ಗೊತ್ತುಮಾಡುವವನೇ ಹಾರ್ಬಿಂಜರ್. ಹಡಗು ನಿಲ್ಲುವ ಹಾರ್ಬರ್ ಕೂಡ ಅದೇ ಬೇರಿನದು. ಕನ್ನಡದಲ್ಲಿ ಹೇಳಬೇಕೆಂದರೆ ಬಿಡದಿ ನೋಡಲು ಬಂದವನು. ಮದುವೆಯ ಹಿಂದಿನ ದಿನ ಗಂಡಿನ ಕಡೆಯ ಒಬ್ಬ ಮಾವ ಬಂದು ಎಷ್ಟು ರೂಮಿದೆ, ಬಿಸಿನೀರು ಬರುತ್ತಾ, ಕಾಫಿ ಎಷ್ಟು ಹೊತ್ತಿಗೆ ಅಂತ ವಿಚಾರಿಸಿಕೊಂಡು ಹೋಗುತ್ತಾನಲ್ಲ, ಅವನು.

ಈ ಚಿತ್ರ ಕಣ್ಣ ಮುಂದಿದ್ದರೆ ಓಮೆನ್‌ಗೂ ಹಾರ್ಬಿಂಜರ್‌ಗೂ ತಕರಾರು ಬರುವುದಿಲ್ಲ. ಬೆಕ್ಕಿಗೂ ಬರುವ ಕೇಡಿಗೂ ನಡುವೆ ಸಂಬಂಧವಿಲ್ಲ, ನಂಬಿಕೆಯೇ ಸೇತುವೆ. ಮಾವನಿಗೂ ದಿಬ್ಬಣಕ್ಕೂ ಸಂಬಂಧವಿದೆ. ಆತ ದಿಬ್ಬಣದ ಮೊದಲ ಸದಸ್ಯ. ಚಾತಕ ಪಕ್ಷಿಯನ್ನು ಮುಂಗಾರಿನ ಹಾರ್ಬಿಂಜರ್ ಅನ್ನುತ್ತಾರೆ, ಅದು ಮುಂಗಾರಿನ ಹೊತ್ತಿಗೇ ಬರುವ ಹಕ್ಕಿ. ಇಲ್ಲಿ ಓಮೆನ್ ಅಂದರೆ ಹಕ್ಕಿಗೂ ಅವಮಾನ, ಹವಾಮಾನ ಶಾಸ್ತ್ರಕ್ಕೂ. ಸತ್ತ ಇಲಿ ಉದುರತೊಡಗಿದರೆ ಅದು ಪ್ಲೇಗಿನ ಹಾರ್ಬಿಂಜರ್. ಹಳೆಯ ಕಾಲದವರು ಇಲಿ ಬಿದ್ದ ಕೂಡಲೇ ಮನೆ ಬಿಟ್ಟು ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದದ್ದು ಮೂಢನಂಬಿಕೆಯಿಂದಲ್ಲ.

ಕಲ್ಲಿದ್ದಲ ಗಣಿಯ ಕೆನರಿ ಹಕ್ಕಿಯೂ ಈ ಪಕ್ಕದ್ದೇ. ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಮನುಷ್ಯನಿಗಿಂತ ಮುಂಚೆ ಪುಟ್ಟ ಹಕ್ಕಿಯನ್ನು ಕೆಡವುತ್ತದೆ, ಹಾಗಾಗಿ ಗಣಿಗೆ ಹಕ್ಕಿ ಒಯ್ಯಿರಿ ಎಂದು ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ 1890ರ ದಶಕದಲ್ಲಿ ಸಲಹೆ ಕೊಟ್ಟರು. ಬ್ರಿಟನ್ನಿನ ಗಣಿಗಳು 1986ರವರೆಗೂ ಕೆನರಿ ಇಟ್ಟುಕೊಂಡಿದ್ದವು. "ಕೆನರಿ ಇನ್ ದ ಕೋಲ್ ಮೈನ್" ಎಂದು ಬರೆಯುವಾಗ ನಿಮಗೆ ಬೇಕಾದ್ದು ಮೊದಲು ಬಲಿಯಾಗುವ ದುರ್ಬಲ ಜೀವ. ಬಲಿಯಿಲ್ಲದಿದ್ದರೆ ಆ ನುಡಿಗಟ್ಟು ಬೇಡ.

ಬೆಲ್‌ವೆದರ್ ಎಂಬುದಕ್ಕೆ ಮೋಡ ಮಳೆಯ ಸಂಬಂಧವಿಲ್ಲ, ಅದು ಕೊರಳಿಗೆ ಗಂಟೆ ಕಟ್ಟಿದ ಹಿಡ ಮಾಡಿದ ಟಗರು, ಹಿಂಡಿನ ಮುಂದೆ ನಡೆಯುವಂಥದ್ದು. ಚುನಾವಣೆ, ಷೇರುಪೇಟೆಗೆ ಸರಿ. ಕೇಡಿಗೆ ಅಲ್ಲ.

ಎದೆಯ ಪದಗಳು, ಮತ್ತು ಆಬರ್‌ಫ್ಯಾನ್

ಅಜ್ಜಿಯ "ಯಾಕೋ ಸರಿ ಕಾಣ್ತಿಲ್ಲ"ಕ್ಕೆ ಮೂರು ಪದ ಪೈಪೋಟಿಗೆ ನಿಂತವು.

ಫೋರ್‌ಬೋಡಿಂಗ್‌ನ ಒಳಗಿರುವ ಬೋಡ್ ಹಳೆಯ ಇಂಗ್ಲಿಷಿನ ಸುದ್ದಿಗಾರ. ಮುಂಚೆಯೇ ಬಂದ ಸುದ್ದಿ, ಆದರೆ ಏನೆಂದು ಬಿಡಿಸಿ ಹೇಳದ ಸುದ್ದಿ. ಏನು ಕೆಟ್ಟದಾಗುತ್ತದೆ ಎಂದು ಗೊತ್ತಿಲ್ಲ, ಆಗುತ್ತದೆ ಎಂಬ ಭಾರ ಮಾತ್ರ ಇದೆ. ಯಾವಾಗಲೂ ಕೆಟ್ಟದ್ದೇ.

ಪ್ರೆಮನಿಷನ್‌ನ ಬೇರು ಮೊನೆರೆ, ಎಚ್ಚರಿಸುವುದು. ಮಾನಿಟರ್ ಅದರಿಂದಲೇ, ಮಾನ್ಸ್‌ಟರ್ ಕೂಡ. ವಿಕಾರ ಶಿಶು, ವಿಚಿತ್ರ ಪ್ರಾಣಿ ಹುಟ್ಟಿದರೆ ದೇವರ ಎಚ್ಚರಿಕೆ ಎಂದು ರೋಮನ್ನರು ತಿಳಿಯುತ್ತಿದ್ದರು. ಪ್ರೆಮನಿಷನ್‌ಗೆ ಒಂದು ಆಕಾರ ಇರುತ್ತದೆ: ಬಸ್ಸು ಉರುಳುತ್ತದೆ ಅಂತ, ತಮ್ಮ ಬರುವುದಿಲ್ಲ ಅಂತ, ಕನಸಿನಲ್ಲಿ ಕಂಡ ಹಾಗೆ. ಜೊತೆಗೆ, ಆಮೇಲೆ ನಿಜವಾಯಿತು ಎಂಬ ನೆರಳೂ ಅದರ ಹಿಂದೆ ಬರುತ್ತದೆ.

ಪ್ರಿಸೆಂಟಿಮೆಂಟ್ ತೆಳು. ಒಳ್ಳೆಯದರ ಬಗ್ಗೆಯೂ ಆಗಬಹುದು. ಸ್ವಲ್ಪ ಹಳೆಯ ಪುಸ್ತಕದ ವಾಸನೆ. ಹಳ್ಳಿಯ ಅಜ್ಜಿಗೆ ಹೊಂದಲಿಲ್ಲ.

ಅಜ್ಜಿಗೆ ಏನಾಗುತ್ತದೆಂದು ಗೊತ್ತಿರಲಿಲ್ಲವಾದ್ದರಿಂದ ಫೋರ್‌ಬೋಡಿಂಗ್ ಗೆದ್ದಿತು. ಆದರೆ ಪ್ರೆಮನಿಷನ್ ಬಗ್ಗೆ ಇನ್ನೂ ಒಂದು ಮಾತಿದೆ, ಅದನ್ನು ಹೇಳಲು ವೇಲ್ಸ್‌ಗೆ ಹೋಗಬೇಕು.

1966ರ ಅಕ್ಟೋಬರ್ 21ರ ಬೆಳಗ್ಗೆ ಆಬರ್‌ಫ್ಯಾನ್ ಎಂಬ ಗಣಿ ಊರಿನಲ್ಲಿ, ಬೆಟ್ಟದ ಮೇಲೆ ಸುರಿದಿದ್ದ ಕಲ್ಲಿದ್ದಲ ತ್ಯಾಜ್ಯದ ರಾಶಿ ಕೆಸರಾಗಿ ಜಾರಿ ಶಾಲೆಯ ಮೇಲೆ ಬಿತ್ತು. 144 ಜನ ಸತ್ತರು, ಅವರಲ್ಲಿ 116 ಮಕ್ಕಳು. ಜಾನ್ ಬಾರ್ಕರ್ ಎಂಬ ಮನೋವೈದ್ಯರು ಆ ದಿನಗಳಲ್ಲಿ ಅಲ್ಲಿಗೆ ಹೋದರು. ದುರಂತಕ್ಕೆ ಮುಂಚೆ ಯಾರಿಗಾದರೂ ಪ್ರೆಮನಿಷನ್ ಆಗಿತ್ತೇ ಎಂದು ಪತ್ರಿಕೆಯ ಮೂಲಕ ಕೇಳಿದರು. ಪತ್ರಗಳು ಬಂದವು. ಶಾಲೆ ಇದ್ದ ಜಾಗದಲ್ಲಿ ಏನೋ ಕಪ್ಪಗೆ ಮುಚ್ಚಿಕೊಂಡಂತೆ ಕನಸು ಕಂಡೆನೆಂದು ಮಗುವೊಂದು ಹಿಂದಿನ ದಿನ ತಾಯಿಗೆ ಹೇಳಿತ್ತಂತೆ ಎಂಬ ಕತೆಯೂ ಆಗಲೇ ಹೊರಬಂದದ್ದು. ಬಾರ್ಕರ್ 1967ರಲ್ಲಿ ಲಂಡನ್ನಿನ ಈವ್ನಿಂಗ್ ಸ್ಟ್ಯಾಂಡರ್ಡ್ ಪತ್ರಿಕೆಯ ಜೊತೆ ಸೇರಿ ಜನರ ಪ್ರೆಮನಿಷನ್ ದಾಖಲಿಸುವ ಒಂದು ಬ್ಯೂರೋವನ್ನೇ ತೆರೆದರು.

ಆದರೆ ಆಬರ್‌ಫ್ಯಾನಿನಲ್ಲಿ ಕನಸಿಗಿಂತ ಮುಂಚೆ ಕಾಗದ ಇತ್ತು. ಶಾಲೆಯ ಹಿಂದೆ ಸುರಿಯುತ್ತಿರುವ ರಾಡಿಯಿಂದ ಅಪಾಯವಿದೆ ಎಂದು ಸ್ಥಳೀಯ ಎಂಜಿನಿಯರ್ 1963ರಲ್ಲೇ ಬರೆದಿದ್ದರು. ರಾಶಿ ನಿಂತಿದ್ದ ಜಾಗದ ಕೆಳಗೆ ನೀರಿನ ಒರತೆ ಇತ್ತು, ಅದು ನಕ್ಷೆಯಲ್ಲೂ ಇತ್ತು. ವಿಚಾರಣಾ ಮಂಡಳಿ ಹೊಣೆಯನ್ನು ಗಣಿ ನಡೆಸುತ್ತಿದ್ದ ನ್ಯಾಷನಲ್ ಕೋಲ್ ಬೋರ್ಡಿನ ಮೇಲೆ ಹೊರಿಸಿತು. ಆ ಕಾಗದಕ್ಕೆ ಇಂಗ್ಲಿಷಿನಲ್ಲಿ ಒಂದೇ ಪದ ಸಲ್ಲುತ್ತದೆ: ವಾರ್ನಿಂಗ್.

ಕನ್ನಡದವರಿಗೆ ಇಲ್ಲಿ ದೊಡ್ಡ ಗುಂಡಿ ಇದೆ, ಅದರ ಹೆಸರು ಮುನ್ಸೂಚನೆ. ನಮ್ಮ ಮುನ್ಸೂಚನೆ ಹವಾಮಾನ ಇಲಾಖೆಯದ್ದೂ ಹೌದು, ಕನಸಿನದ್ದೂ ಹೌದು, ಎಂಜಿನಿಯರ್ ಬರೆದ ಪತ್ರದ್ದೂ ಹೌದು, ಗುಡ್ಡದಲ್ಲಿ ಬಿರುಕು ಕಂಡದ್ದೂ ಹೌದು. ಇಂಗ್ಲಿಷಿಗೆ ತರುವಾಗ ಅದನ್ನು ನಾಲ್ಕಾಗಿ ಒಡೆಯಲೇಬೇಕು: ಇಲಾಖೆಯದ್ದು ಫೋರ್‌ಕಾಸ್ಟ್, ಪತ್ರ ವಾರ್ನಿಂಗ್, ಬಿರುಕು ಸೈನ್, ಕನಸು ಪ್ರೆಮನಿಷನ್. "ಗುಡ್ಡ ಕುಸಿಯುವ ಮುನ್ಸೂಚನೆ ಇತ್ತು" ಎಂಬ ವಾಕ್ಯವನ್ನು ಪ್ರೆಮನಿಷನ್ ಹಾಕಿ ಅನುವಾದಿಸಿದರೆ ಕೇಳದೆ ಕೂತ ಅಧಿಕಾರಿಗೆ ಪುಕ್ಕಟೆ ಖುಲಾಸೆ ಕೊಟ್ಟಂತೆ. ಇದೊಂದು ವಿಷಯದಲ್ಲಿ ನಾನು ಹಟಮಾರಿ.

ಮಿಸ್‌ಗಿವಿಂಗ್ಸ್ ಇವುಗಳ ಸೋದರ ಸಂಬಂಧಿ, ಹೆಚ್ಚಾಗಿ ಬಹುವಚನದಲ್ಲೇ ಓಡಾಡುತ್ತದೆ. ಒಂದು ನಿರ್ಧಾರದ ಬಗ್ಗೆ ಇರುವ ಅನುಮಾನಕ್ಕೆ. ಸೈಟು ಕೊಳ್ಳುವಾಗ ಮಿಸ್‌ಗಿವಿಂಗ್ಸ್ ಇರುತ್ತವೆ, ಫೋರ್‌ಬೋಡಿಂಗ್ ಇದ್ದರೆ ಕೊಳ್ಳಬೇಡಿ.

ಆಸ್ಪತ್ರೆಯಲ್ಲಿ

ಇಂಪೆಂಡಿಂಗ್, ಇಮಿನೆಂಟ್ ಎರಡೂ "ಸನ್ನಿಹಿತ" ಅಂತ ನಿಘಂಟಿನಲ್ಲಿರುತ್ತವೆ. ಇಮಿನೆಂಟ್ ಗಡಿಯಾರ ನೋಡುತ್ತದೆ, ಇನ್ನೇನು ಆಗಿಯೇಬಿಡುತ್ತದೆ ಎನ್ನುತ್ತದೆ. ಇಂಪೆಂಡಿಂಗ್ ತಲೆಯ ಮೇಲೆ ನೋಡುತ್ತದೆ. ನೇತಾಡುವುದು ಅಂತಲೇ ಅದರ ಮೂಲಾರ್ಥ. ನಮ್ಮ ಪತ್ರಿಕೆಗಳ "ತೂಗುಗತ್ತಿ" ಅದೇ. ಆ ಕತ್ತಿ ಸಿರಾಕ್ಯೂಸ್ ನಗರದ ದೊರೆ ಡಯೊನೀಸಿಯಸ್ ತನ್ನ ಹೊಗಳುಭಟ್ಟ ಡಾಮೊಕ್ಲಿಸ್‌ನ ತಲೆಯ ಮೇಲೆ ಕುದುರೆ ಕೂದಲಿನಲ್ಲಿ ಕಟ್ಟಿ ತೂಗುಬಿಟ್ಟದ್ದು.

ವೈದ್ಯಕೀಯ ಪುಸ್ತಕಗಳಲ್ಲಿ "ಸೆನ್ಸ್ ಆಫ್ ಇಂಪೆಂಡಿಂಗ್ ಡೂಮ್" ಎಂಬ ಪದಗುಚ್ಛ ಒಂದು ರೋಗಲಕ್ಷಣವಾಗಿಯೇ ಇದೆ. ಹೃದಯಾಘಾತದಲ್ಲಿ, ತೀವ್ರ ಅಲರ್ಜಿಯಲ್ಲಿ, ಹೊಂದದ ರಕ್ತ ಕೊಟ್ಟಾಗ ರೋಗಿ "ಏನೋ ಆಗ್ತಿದೆ, ನಾನು ಉಳಿಯಲ್ಲ" ಅನ್ನಬಹುದು, ಬೇರೆ ಲಕ್ಷಣ ಎದ್ದು ಕಾಣುವ ಮುಂಚೆಯೇ. ಇದು ಶಕುನವಲ್ಲ, ದೇಹ ಆಗಲೇ ನಡೆಯುತ್ತಿರುವುದನ್ನು ಹೇಳುತ್ತಿರುವುದು. ದುಭಾಷಿಯಾಗಿ ನಿಂತವರು, ವಿದೇಶದ ಆಸ್ಪತ್ರೆಯಲ್ಲಿ ಅಪ್ಪ ಅಮ್ಮನ ಪರವಾಗಿ ಮಾತಾಡುವ ಮಕ್ಕಳು ಇದನ್ನು "ಹಿ ಈಸ್ ಟೆನ್ಸ್ಡ್" ಅಂತ ತೇಲಿಸಬಾರದು. ಆ ನಾಲ್ಕು ಪದವನ್ನೇ ಹೇಳಿ. ಡಾಕ್ಟರು ತಿರುಗಿ ನೋಡುತ್ತಾರೆ.

ಬಿಡ್ತು ಅನ್ನು

ಕೊನೆಗೆ ಉಳಿದದ್ದು ಶಕುನದ ಪದವಲ್ಲ, ಶಕುನ ಕಳೆಯುವ ಪದ. ಕತೆಯಲ್ಲಿ ಮೊಮ್ಮಗ ತಮಾಷೆಗೆ "ನಾನು ವಾಪಸ್ ಬರದಿದ್ರೆ ಈ ಕೊಡೆ ನಿಂಗೇ" ಅನ್ನುತ್ತಾನೆ. ಅಜ್ಜಿ ತಕ್ಷಣ: "ಬಿಡ್ತು ಅನ್ನು!"

ಲ್ಯಾಟಿನ್ನಿನಲ್ಲಿ ಇದಕ್ಕೆ ಕ್ರಿಯಾಪದವೇ ಇತ್ತು, ಅಬೊಮಿನಾರಿ: ಕಿವಿಗೆ ಬಿದ್ದ ಓಮೆನ್ ತಟ್ಟದಿರಲಿ ಅಂತ ದೂರ ತಳ್ಳುವುದು. ಇಂಗ್ಲಿಷಿಗೆ ಬರುವಷ್ಟರಲ್ಲಿ ಅದು ಅಬಾಮಿನಬಲ್ ಆಗಿ ಬರೀ ಅಸಹ್ಯಕ್ಕೆ ಇಳಿಯಿತು. ಮಧ್ಯದಲ್ಲಿ ಪಂಡಿತರು ಇದು ಹೋಮೋ, ಅಂದರೆ ಮನುಷ್ಯ ಎಂಬುದರಿಂದ ಬಂದದ್ದು ಎಂದು ತಪ್ಪು ತಿಳಿದು ನಡುವೆ ಒಂದು ಹೆಚ್ ಅಕ್ಷರ ತುರುಕಿದ್ದರು. 1623ರ ಶೇಕ್ಸ್‌ಪಿಯರ್ ಫೋಲಿಯೋದಲ್ಲಿ ಆ ಹೆಚ್ ಈಗಲೂ ಕಾಣುತ್ತದೆ. "ಆಬ್ಸಿಟ್ ಓಮೆನ್" ಎಂಬ ಲ್ಯಾಟಿನ್ ಮಾತು ಓದಿದ ಇಂಗ್ಲಿಷರ ಬಾಯಲ್ಲಿ ಉಳಿದಿದೆ, ಶಕುನ ದೂರವಿರಲಿ ಎಂದು ಅರ್ಥ, ಹೆಚ್ಚುಕಡಿಮೆ ನಮ್ಮದೇ. ಆದರೆ ಹಳ್ಳಿಯ ಅಜ್ಜಿಯ ಬಾಯಲ್ಲಿ ಲ್ಯಾಟಿನ್?

ಟಚ್ ವುಡ್ ನೋಡಿದೆ. ಅದು ಬೇರೆ ರೋಗಕ್ಕೆ ಮದ್ದು. ಒಳ್ಳೆಯದನ್ನು ಹೇಳಿಕೊಂಡಾಗ ದೃಷ್ಟಿ ತಾಗದಿರಲಿ ಅಂತ ಮರ ಮುಟ್ಟುವುದು. ಪೆರಿಷ್ ದ ಥಾಟ್‌ನಲ್ಲಿ ಈಗ ಅರ್ಧ ವ್ಯಂಗ್ಯ. ಗಾಡ್ ಫರ್ಬಿಡ್ ಅರ್ಥಕ್ಕೆ ಹತ್ತಿರ, ಬಿಸಿಯೂ ಇದೆ. ಆದರೆ ಅದರಲ್ಲಿ ಅಜ್ಜಿ ದೇವರಿಗೆ ಹೇಳುತ್ತಾಳೆ. ಕನ್ನಡದಲ್ಲಿ ಅವಳು ಹೇಳುತ್ತಿರುವುದು ಮೊಮ್ಮಗನಿಗೆ: ಮಾತು ನಿನ್ನ ಬಾಯಿಂದ ಬಂತು, ನೀನೇ ವಾಪಸು ತಗೋ.

ಮೂರನೇ ಕರಡಿನಲ್ಲಿ "ಟೇಕ್ ಇಟ್ ಬ್ಯಾಕ್" ಅಂತ ಬರೆದೆ. ದೇವರೂ ಇಲ್ಲ, ಓಮೆನ್ನೂ ಇಲ್ಲ. ಅವನು ನಗುತ್ತ ವಾಪಸು ತೆಗೆದುಕೊಂಡ. ಪೆನ್ಸಿಲಿನವರು ಅದರ ಪಕ್ಕ ಏನೂ ಬರೆಯಲಿಲ್ಲ.